ಅರವತ್ತೆರಡು ಗ್ರಾಂ ತೂಕದ ರೋಗಿ

ಹೋದ ತಿಂಗಳು ಡಾಕ್ಟರು ನನ್ನ ಮಂಡಿಯ ಎಕ್ಸ್‌ರೇ ನೋಡಿ, ಮೂಳೆ ಸ್ವಲ್ಪ ಸವೆದಿದೆ, ವಯಸ್ಸಿಗೆ ಸಹಜ ಎಂದು ಕ್ಯಾಲ್ಸಿಯಂ ಟಾನಿಕ್ ಬರೆದುಕೊಟ್ಟರು. ಮನೆಗೆ ಬಂದು ಬಾಟಲಿಯ ಮುಚ್ಚಳ ತಿರುಗಿಸಿದೆ. ಸುಣ್ಣದ ನೀರಿಗೆ ಬಾಳೆಹಣ್ಣಿನ ಎಸೆನ್ಸ್ ಬೆರೆಸಿದಂಥ ವಾಸನೆ. ಚಮಚಕ್ಕೆ ಬಗ್ಗಿಸುವುದನ್ನೂ ಮರೆತು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತುಬಿಟ್ಟೆ. ಇಪ್ಪತ್ತು ವರ್ಷಕ್ಕೂ ಹಿಂದೆ ಇದೇ ವಾಸನೆ ನನ್ನ ಬೆರಳಿಗೆ, ಸೀರೆಯ ಸೆರಗಿಗೆ, ಶಾಲೆಯ ಕೈಚೀಲಕ್ಕೆಲ್ಲ ಅಂಟಿಕೊಂಡಿತ್ತು. ಆಗ ಅದನ್ನು ನಾನು ಹನಿ ಹನಿಯಾಗಿ ಕುಡಿಸುತ್ತಿದ್ದದ್ದು ಒಂದು ಹಸಿರು ಪ್ರಾಣಿಗೆ. ಹೇಗೆ ಕುಡಿಸಬೇಕೆಂದು ಕಲಿಸಿದವರು ಭದ್ರಾವತಿಯ ಒಬ್ಬ ದನದ ಕಾಂಪೌಂಡರು...

ನಾನಾಗ ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಆಲ್ಕೊಳದಲ್ಲಿ ಸರ್ಕಲ್ಲಿನಿಂದ ಸ್ವಲ್ಪ ಒಳಗೆ ಬಾಡಿಗೆ ಮನೆ. ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಅಪ್ಪ ತೀರಿಕೊಂಡು ವರ್ಷ ತುಂಬಿರಲಿಲ್ಲ. ಅಮ್ಮ ಅಡುಗೆ ಮಾಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ತಾನಾಗಿ ಒಂದು ಮಾತು ಆಡುತ್ತಿರಲಿಲ್ಲ.

ಅಂಥ ಒಂದು ಡಿಸೆಂಬರಿನಲ್ಲಿ ಚಿಕ್ಕಪ್ಪನ ಮಗ ಬೂಟಿನ ಡಬ್ಬವೊಂದನ್ನು ಹಿಡಿದುಕೊಂಡು ಬಂದ. ಅವನು ಔಷಧಿ ಕಂಪನಿಯೊಂದರ ರೆಪ್ರೆಸೆಂಟೇಟಿವ್, ಊರೂರು ತಿರುಗುವ ಕೆಲಸ. ಡಬ್ಬದ ಮುಚ್ಚಳದ ತುಂಬ ಪೆನ್ನಿನಿಂದ ಚುಚ್ಚಿದ ತೂತುಗಳು.

"ಅಕ್ಕಾ, ಒಂದೇ ಒಂದು ವಾರ ಇಟ್ಕೊಂಡಿರು. ಬೆಂಗಳೂರಲ್ಲಿ ತಗೊಂಡೆ. ಇದು ಮನೇಲಿದ್ರೆ ನಾನಿರಲ್ಲ ಅಂತ ಇವಳು ಹಟ ಹಿಡಿದಿದಾಳೆ."

ಒಳಗಿದ್ದದ್ದು ಇಗ್ವಾನಾ ಮರಿ. ಆ ಹೆಸರನ್ನು ನಾನು ಅಂದೇ ಮೊದಲು ಕೇಳಿದ್ದು. ಅಂಗೈ ಉದ್ದದ ಮೈ, ಮೈಯ ಎರಡರಷ್ಟು ಉದ್ದದ ಬಾಲ, ಎಳೆ ಬಾಳೆಲೆಯ ಹಸಿರು. ಕತ್ತಿನ ಕೆಳಗೆ ಜೋಲುವ ತೆಳ್ಳಗಿನ ಚರ್ಮ. ತಾಮ್ರದ ಬಣ್ಣದ ಕಣ್ಣನ್ನು ನಿಧಾನವಾಗಿ ತಿರುಗಿಸಿ ನನ್ನನ್ನು ನೋಡಿತು. ಅಮ್ಮ ಬಾಗಿಲಿನಿಂದಲೇ ಇಣುಕಿ, "ಓತಿಕ್ಯಾತ! ಅಡುಗೆಮನೆ ಕಡೆ ಮಾತ್ರ ತರಬೇಡ" ಎಂದು ಹೊರಟುಹೋದಳು. ತಮ್ಮ ಒಂದು ವಾರ ಎಂದವನು ಆಮೇಲೆ ಆ ಮಾತನ್ನೇ ಎತ್ತಲಿಲ್ಲ. ಅವನು ಎತ್ತುವುದು ನನಗೂ ಬೇಕಿರಲಿಲ್ಲ. ಅಷ್ಟರಲ್ಲಿ ಅದಕ್ಕೆ ಪಚ್ಚೆ ಎಂದು ಹೆಸರಿಟ್ಟಾಗಿತ್ತು.

ಮಾರಿದವನು ಹೇಳಿಕೊಟ್ಟದ್ದನ್ನೇ ತಮ್ಮ ನನಗೆ ಹೇಳಿಹೋಗಿದ್ದ: ಸೌತೆಕಾಯಿ, ಬಾಳೆಹಣ್ಣು, ಆಗಾಗ ಬೇಯಿಸಿದ ಮೊಟ್ಟೆ. ನಾನು ಚಾಚೂ ತಪ್ಪದೆ ಹಾಗೇ ನಡೆದುಕೊಂಡೆ. ಮೀನು ಸಾಕುವ ಗಾಜಿನ ತೊಟ್ಟಿಯೊಂದನ್ನು ತಂದು ಕಿಟಕಿಯ ಪಕ್ಕ ಇಟ್ಟೆ. ಬೆಳಗಿನ ಬಿಸಿಲು ಗಾಜು ಹಾಯ್ದು ಪಚ್ಚೆಯ ಬೆನ್ನಿನ ಮೇಲೆ ಬೀಳುವಾಗ ನನಗೆ ಒಳಗೊಳಗೇ ಹೆಮ್ಮೆ. ಬೆಕ್ಕು ಮುಟ್ಟುವಂತಿಲ್ಲ, ಕಾಗೆ ಕುಕ್ಕುವಂತಿಲ್ಲ, ಚಳಿಗಾಳಿ ತಾಗುವಂತಿಲ್ಲ. ಇದಕ್ಕಿಂತ ಚೆನ್ನಾಗಿ ಯಾರು ಸಾಕುತ್ತಾರೆ ಎಂದುಕೊಂಡಿದ್ದೆ.

ಶಾಲೆಯಿಂದ ಬಂದ ಮೇಲೆ ಅದರೆದುರು ಕೂತು ಪೆನ್ಸಿಲ್ಲಿನಲ್ಲಿ ಚಿತ್ರ ಬರೆಯುವುದು ರೂಢಿಯಾಯಿತು. ಫೆಬ್ರವರಿಯ ಒಂದು ಸಂಜೆ ಹೊಸ ಚಿತ್ರ ಮುಗಿಸಿ, ಹಳೆಯದರ ಪಕ್ಕ ಇಟ್ಟು ನೋಡಿದೆ. ಎಲ್ಲೋ ಎಡವಿದೆ ಅನ್ನಿಸಿತು. ಡಿಸೆಂಬರಿನ ಚಿತ್ರದಲ್ಲಿ ದವಡೆಯ ಗೆರೆ ಚೂಪಾಗಿ, ನೇರವಾಗಿತ್ತು. ಈಗಿನದರಲ್ಲಿ ಅದು ದುಂಡಗೆ ಉಬ್ಬಿ, ಪಚ್ಚೆ ಸದಾ ನಗುತ್ತಿರುವ ಹಾಗೆ ಕಾಣುತ್ತಿತ್ತು. ಮೊದಲು ನನ್ನ ಕೈಯದೇ ತಪ್ಪು ಎಂದುಕೊಂಡೆ. ಆಮೇಲೆ ಪ್ರಾಣಿಯನ್ನೇ ನೋಡಿದೆ. ಗೆರೆ ಸರಿಯಾಗಿಯೇ ಇತ್ತು. ತೊಡೆಗಳೂ ಉಬ್ಬಿದ್ದವು. "ಚೆನ್ನಾಗಿ ಮೈ ಹಿಡೀತಿದೆ ಬಿಡು" ಎಂದಿದ್ದಳು ಅಮ್ಮ, ದೂರದಿಂದಲೇ. ಆದರೆ ಮೈ ಹಿಡಿದ ಪ್ರಾಣಿ ಹೊಟ್ಟೆ ಎಳೆದುಕೊಂಡು ತೆವಳುವುದೇಕೆ? ಕೊಂಬೆ ಏರಲು ಹೋಗಿ ಜಾರಿ ಬೀಳುವುದೇಕೆ? ಮುಂಗಾಲಿನ ಬೆರಳುಗಳು ಯಾರೋ ಸಣ್ಣಗೆ ದಾರ ಎಳೆದಂತೆ ಅದುರುತ್ತಿದ್ದವು.

ಊರಿನಲ್ಲಿ ನಾಯಿ ನೋಡುವ ಡಾಕ್ಟರೊಬ್ಬರ ಬಳಿ ಒಯ್ದೆ. ಒಳ್ಳೆಯ ಮನುಷ್ಯ, ಆಸಕ್ತಿಯಿಂದಲೇ ನೋಡಿದರು. "ಇದನ್ನು ನಾನು ಓದೇ ಇಲ್ಲ ಮೇಡಮ್, ಸುಮ್ನೆ ಏನೋ ಬರೆದುಕೊಡೋಕೆ ಮನಸ್ಸು ಬರಲ್ಲ" ಎಂದರು. ಮರುದಿನ ಸ್ಟಾಫ್ ರೂಮಿನಲ್ಲಿ ನನ್ನ ಮುಖ ನೋಡಿ ನಮ್ಮ ಶಾಲೆಯ ಆಯಾ ವಿಷಯ ಕೇಳಿದಳು. ಅವಳು ದಿನಾ ಭದ್ರಾವತಿಯಿಂದ ರೈಲಿನಲ್ಲಿ ಬರುವವಳು. "ನಮ್ಮೂರಲ್ಲಿ ಒಬ್ರು ಕಾಂಪೌಂಡ್ರಿದಾರೆ ಟೀಚರ್. ರಿಟೈರ್ಡು. ನನ್ನ ಮೇಕೆ ಸತ್ತೇ ಹೋಯ್ತು ಅಂದಿದ್ರು ಎಲ್ರೂ, ಎಬ್ಬಿಸಿ ನಿಲ್ಲಿಸಿದ್ರು. ಒಂದ್ಸಲ ತೋರಿಸ್ಬನ್ನಿ."

ಆ ಭಾನುವಾರ ಬೂಟಿನ ಡಬ್ಬ, ಚಿತ್ರದ ಪುಸ್ತಕ ಎರಡನ್ನೂ ಚೀಲದಲ್ಲಿಟ್ಟುಕೊಂಡು ಭದ್ರಾವತಿಯ ಬಸ್ಸು ಹತ್ತಿದೆ.

ಹೊಸಮನೆ ಕಡೆಯ ಒಂದು ಗಲ್ಲಿ. ಮನೆಯ ಮುಂದೆ ಶೀಟು ಹೊದಿಸಿದ ಜಗಲಿ, ಒಂದು ಬೆಂಚು, ಕಂಬಕ್ಕೆ ಕಟ್ಟಿದ ಯಾರದೋ ಹಸು. ಫಿನಾಯಿಲು, ಹುಲ್ಲು ಎರಡೂ ಬೆರೆತ ವಾಸನೆ. ಕಾಂಪೌಂಡರು ತೆಳ್ಳಗಿನ ಆಳು, ಖಾಕಿ ಅರ್ಧತೋಳಿನ ಅಂಗಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಮೂವತ್ತು ಚಿಲ್ಲರೆ ವರ್ಷ ಸುತ್ತಲಿನ ಹಳ್ಳಿಗಳ ಪಶು ಆಸ್ಪತ್ರೆಗಳಲ್ಲಿ ಡಾಕ್ಟರುಗಳ ಕೈಕೆಳಗೆ ದುಡಿದವರು. ಈಗ ಮನೆ ಮುಂದೆಯೇ ಗಾಯ ತೊಳೆದು ಪಟ್ಟಿ ಕಟ್ಟುವುದು, ಜಂತುಹುಳದ ಔಷಧಿ ಕುಡಿಸುವುದು, ತನಗೆ ಮೀರಿದ್ದಾದರೆ ಇಂಥ ಡಾಕ್ಟರ ಹತ್ತಿರ ಹೋಗಿ ಎಂದು ಕಳಿಸುವುದು. ಹಸುವಿನ ಯಜಮಾನನ ಜೊತೆ ತಮಿಳಿನಲ್ಲಿ ಮಾತಾಡುತ್ತಿದ್ದವರು ನನ್ನ ಕಡೆ ತಿರುಗಿ ಕನ್ನಡಕ್ಕೆ ಹೊರಳಿದರು. ಟೀಚರೊಬ್ಬರು ಬರುತ್ತಾರೆಂದು ಮಾತ್ರ ಆಯಾ ಹೇಳಿಟ್ಟಿದ್ದಳು.

"ಏನು ತಂದಿದೀರಿ ಟೀಚರಮ್ಮ? ಬೆಕ್ಕಿನ ಮರಿನಾ?"

ಡಬ್ಬ ತೆರೆದೆ. ಹಸುವಿನ ಯಜಮಾನ ಎರಡು ಹೆಜ್ಜೆ ಹಿಂದೆ ಸರಿದ. ಕಾಂಪೌಂಡರು ಸರಿಯಲಿಲ್ಲ. ಕುಕ್ಕರಗಾಲಲ್ಲಿ ಕೂತು, ಕನ್ನಡಕ ಮೇಲೇರಿಸಿ, ತುಂಬ ಹೊತ್ತು ಸುಮ್ಮನೆ ನೋಡಿದರು. ಮುಟ್ಟಲಿಲ್ಲ. ಒಳಗೆ ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡು ಬಂದು, ಕಿರುಬೆರಳಿನ ಹಿಂಭಾಗದಿಂದ ಪಚ್ಚೆಯ ದವಡೆಯನ್ನು ಮೆಲ್ಲಗೆ ಒತ್ತಿ ನೋಡಿದರು.

"ಒತ್ತಿದ್ರೆ ರಬ್ಬರ್ ಥರ ಒಳಗೆ ಹೋಗ್ತಿದೆ," ಎಂದರು. ಆಮೇಲೆ ನನ್ನ ಮುಖ ನೋಡಿ, "ಈ ಪ್ರಾಣಿ ನಂಗೆ ಗೊತ್ತಿಲ್ಲ ಟೀಚರಮ್ಮ. ಜೀವಮಾನದಲ್ಲೇ ನೋಡಿಲ್ಲ. ಆದ್ರೆ ಈ ಕಾಯಿಲೆ ನೋಡಿದೀನಿ."

ಆ ಮಾತು ಹೇಳಿದ ರೀತಿ ಈಗಲೂ ಕಿವಿಯಲ್ಲಿದೆ. ಗೊತ್ತಿಲ್ಲ ಎನ್ನುವಾಗ ನಾಚಿಕೆಯಿಲ್ಲ, ಗೊತ್ತು ಎನ್ನುವಾಗ ಜಂಬವಿಲ್ಲ. ನಾನು ಚಿತ್ರಗಳನ್ನು ತೆಗೆದು ತೋರಿಸಿದೆ. ಅವರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, "ಇದು ಎಕ್ಸ್‌ರೇಗಿಂತ ಚೆನ್ನಾಗಿದೆ. ದಿನಾ ಬರೀರಿ, ಬಿಡ್ಬೇಡಿ" ಎಂದರು. ಹಾಲು ಕೊಡುವ ಹಸು ಕ್ಯಾಲ್ಸಿಯಂ ಇಳಿದು ನಡುಗುತ್ತಾ ಕುಸಿಯುವುದು, ಗೂಡಿನಲ್ಲೇ ಬೆಳೆದ ಕೋಳಿಯ ಕಾಲು ಮುರಿಯುವುದು, ಬರೀ ಅನ್ನ ತಿಂದ ನಾಯಿಮರಿಯ ಕಾಲು ಬಿಲ್ಲಿನಂತೆ ಬಾಗುವುದು, ಎಲ್ಲವನ್ನೂ ಹೇಳಿದರು. ಇದೂ ಅದೇ ಜಾತಿಯದಿರಬೇಕು ಎಂಬುದು ಅವರ ಅಂದಾಜು. ಪಚ್ಚೆಗೆ ಏನು ತಿನ್ನಿಸುತ್ತೇನೆ, ಎಲ್ಲಿ ಇಟ್ಟಿದ್ದೇನೆ ಎಂದೆಲ್ಲ ಕೇಳಿದರು. ಅಂದಾಜಿನ ಮೇಲೆ ಔಷಧಿ ಮಾತ್ರ ಕೊಡಲಿಲ್ಲ.

"ಈಗೆಲ್ಲಾ ಕಂಪ್ಯೂಟರಲ್ಲಿ ಸಿಗುತ್ತಂತಲ್ಲ. ನೀವು ಓದಿದೋರು. ಹುಡುಕಿ ತನ್ನಿ. ಇಬ್ರೂ ಕೂತು ಓದೋಣ."

ಮರುದಿನ ಶಾಲೆ ಬಿಟ್ಟವಳೇ ಸೈಬರ್ ಸೆಂಟರಿಗೆ ಹೋದೆ. ಆ ಕಾಲದಲ್ಲಿ ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದಿತ್ತು. ಹನ್ನೆರಡು ಹಾಳೆ ಪ್ರಿಂಟು ತೆಗೆಸಿದೆ. ಅಲ್ಲಿ ಕೂತೇ ಓದುತ್ತಾ ಹೋದೆ. ಸೌತೆಕಾಯಿಯಲ್ಲಿ ಬರೀ ನೀರು. ಬಾಳೆಹಣ್ಣು ಬೇಡ. ಎಲೆ ತಿನ್ನುವ ಈ ಪ್ರಾಣಿಗೆ ಮೊಟ್ಟೆ ಕೊಡಲೇಬಾರದು. ಊದಿದ ತೊಡೆ ಮಾಂಸವಲ್ಲ, ಸುಣ್ಣ ಕಳೆದುಕೊಂಡ ಮೂಳೆ ತಾನೇ ದಪ್ಪವಾಗಿ ಬಾತುಕೊಂಡಿರುವುದು. ಮತ್ತೆ ಆ ಗಾಜು... ಮೂಳೆಗೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ, ಬರೀ ಬೆಳಕನ್ನೂ ಬಿಸಿಯನ್ನೂ ಒಳಗೆ ಬಿಡುತ್ತದೆ ಎಂದು ಬರೆದಿತ್ತು. ಎರಡೂವರೆ ತಿಂಗಳು ನಾನು ಅದನ್ನು ಬಿಸಿಲಿನಲ್ಲಿ ಕೂರಿಸಿಯೇ ಬಿಸಿಲಿಲ್ಲದ ಹಾಗೆ ಮಾಡಿದ್ದೆ.

ಮತ್ತೆ ಭದ್ರಾವತಿ. ಬೆಂಚಿನ ಮೇಲೆ ಕೂತು ಒಂದೊಂದೇ ಸಾಲು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಗಾಜಿನ ಮಾತು ಬಂದಾಗ ಕಣ್ಣು ತೆರೆದರು.

"ಇನ್ನೊಂದ್ಸಲ ಹೇಳಿ."

ಹೇಳಿದೆ. ಅವರು ತೊಡೆಯ ಮೇಲೆ ಕೈ ಬಡಿದುಕೊಂಡರು. ಎಷ್ಟೋ ವರ್ಷದ ಹಿಂದೆ ಒಬ್ಬ ಡೈರಿಯವರು ಕೊಟ್ಟಿಗೆಗೆ ಗಾಜಿನ ಹೆಂಚು ಹಾಕಿಸಿ, ಕರುಗಳನ್ನು ಹೊರಗೇ ಬಿಡದೆ ಸಾಕಿದ್ದರಂತೆ. ಕಾಲು ಬಾಗಿ ಎರಡು ಕರು ಹೋದವಂತೆ. "ನೀವು ಹಾಲು ಕಡಿಮೆ ಕುಡಿಸಿದೀರಿ, ಕರು ಪಾಲಿನದ್ದನ್ನ ಮಾರ್ಕೊಂಡಿದೀರಿ ಅಂತ ನಾನು ಅವರಿಗೆ ನಾಲ್ಕು ಜನರೆದುರು ಬೈದಿದ್ದೆ ಟೀಚರಮ್ಮ. ಅವರು ಇಲ್ಲ ಇಲ್ಲ ಅಂತ ಅತ್ತಿದ್ರು. ಹಾಲು ಕುಡಿಸೇ ಇದ್ರೇನೋ..."

ಮುಂದಿನ ಸಲ ಹೋದಾಗ ತಿಳಿಯಿತು, ಅವರು ಆ ವಾರವೇ ಸೈಕಲ್ಲು ತುಳಿದುಕೊಂಡು ಆ ಡೈರಿಯವರನ್ನು ಹುಡುಕಿಕೊಂಡು ಹೋಗಿದ್ದರು. ಡೈರಿ ಮುಚ್ಚಿ ಎಷ್ಟೋ ಕಾಲವಾಗಿತ್ತು, ಮನುಷ್ಯ ಹಾಸಿಗೆ ಹಿಡಿದಿದ್ದರು. ಅವರ ಮಂಚದ ಪಕ್ಕ ಕೂತು, ಅವತ್ತು ನಾನು ಹೇಳಿದ್ದು ತಪ್ಪು, ನೀವು ಕರುವಿನ ಹಾಲು ಕದ್ದಿರಲಿಲ್ಲ ಎಂದು ಹೇಳಿ ಬಂದಿದ್ದರು. ಇದನ್ನು ನನಗೆ ಹೇಳಿದವರು ಅವರ ಹೆಂಡತಿ, ಕಾಫಿ ಕೊಡುವಾಗ, ಸ್ವಲ್ಪ ಬೇಸರದಿಂದಲೇ. ಆ ಉರಿಬಿಸಿಲಲ್ಲಿ ಅಷ್ಟು ದೂರ ಹೋಗಬೇಕಿತ್ತಾ ಎನ್ನುವುದು ಅವರ ಬೇಸರ. ಕಾಂಪೌಂಡರು ಆ ಮಾತು ಕೇಳಿಸದವರಂತೆ ಸಿರಿಂಜು ಕುದಿಸುತ್ತಿದ್ದರು.

ಅವತ್ತು ಗಾಜಿನ ಮಾತು ಮುಗಿದ ಮೇಲೆ ನಾನು ಅತ್ತುಬಿಟ್ಟಿದ್ದೆ. ನಾನೇ ಇದನ್ನು ಈ ಗತಿಗೆ ತಂದೆ ಎಂದೆ. ಅಯ್ಯೋ ಹಾಗೇನಿಲ್ಲ, ನಿಮ್ಮ ತಪ್ಪೇನಿದೆ ಎಂದು ಬೇರೆ ಯಾರಾದರೂ ಸಮಾಧಾನ ಮಾಡುತ್ತಿದ್ದರು. ಅವರು ಮಾಡಲಿಲ್ಲ.

"ಹೌದು, ನೀವೇ ತಂದಿರಿ. ಗೊತ್ತಿಲ್ಲದೆ ತಂದಿರಿ. ಈಗ ಗೊತ್ತಾಯ್ತಲ್ಲ, ಏಳಿ, ಮೊದ್ಲು ಇದರ ತೂಕ ನೋಡೋಣ."

ಅವರಲ್ಲಿದ್ದದ್ದು ಹಿಂಡಿ ಚೀಲ ತೂಗುವ ತಕ್ಕಡಿ. ಅದರಲ್ಲಿ ಪಚ್ಚೆಯನ್ನಿಟ್ಟರೆ ಮುಳ್ಳು ಅಲುಗಲೂ ಇಲ್ಲ. ಡಬ್ಬ ಎತ್ತಿಕೊಂಡು ಇಬ್ಬರೂ ಬಜಾರಿನ ಅಕ್ಕಸಾಲಿಗರೊಬ್ಬರ ಅಂಗಡಿಗೆ ನಡೆದೆವು. ಅವರ ಎಮ್ಮೆಗೆ ಹೆರಿಗೆ ಮಾಡಿಸಿದ್ದವರು ಕಾಂಪೌಂಡರು. ಹಾಗಾಗಿ ಬೇಡ ಎನ್ನುವಂತಿರಲಿಲ್ಲ. ಚಿನ್ನ ತೂಗುವ ತಟ್ಟೆಯ ಮೇಲೆ ಶುಭ್ರವಾದ ಕಾಗದ ಹಾಸಿ, ಪಚ್ಚೆಯನ್ನು ಕೂರಿಸಿದೆವು. ಬಳೆ ನೋಡಲು ಬಂದಿದ್ದ ಹೆಂಗಸರು ಕಿರುಚಿಕೊಂಡು ಆಚೆ ಹೋದರು. ಪಚ್ಚೆ ಕಣ್ಣು ಮುಚ್ಚಿಕೊಂಡು ಬಿದ್ದಿತ್ತು. ಅರವತ್ತೆರಡು ಗ್ರಾಂ.

"ಮುನ್ನೂರು ಕಿಲೋ ಹಸು ನೋಡಿದ ಕೈ ಇದು," ಎಂದು ಕಾಂಪೌಂಡರು ತಮ್ಮ ಅಂಗೈ ನೋಡಿಕೊಂಡು ನಕ್ಕರು. "ಈಗ ಅರವತ್ತೆರಡು ಗ್ರಾಮಿನ ಪೇಶೆಂಟು."

ಅಲ್ಲಿಂದ ಎಸ್‌ಟಿಡಿ ಬೂತಿಗೆ. ಹಿಂದೆ ಅವರ ಮೇಲಧಿಕಾರಿಯಾಗಿದ್ದ ಪಶುವೈದ್ಯರೊಬ್ಬರು ಬೆಂಗಳೂರಿನಲ್ಲಿದ್ದರು. ಅವರಿಗೆ ಫೋನು ಹಚ್ಚಿ, ನನ್ನ ಹನ್ನೆರಡು ಹಾಳೆಯಲ್ಲಿದ್ದದ್ದನ್ನೆಲ್ಲ ನನ್ನಿಂದಲೇ ಓದಿಸಿದರು. ಆ ಡಾಕ್ಟರು ಎರಡು ದಿನ ಟೈಮು ಕೇಳಿ, ತಮಗೆ ಗೊತ್ತಿದ್ದ ಇನ್ಯಾರನ್ನೋ ವಿಚಾರಿಸಿ, ಔಷಧಿ ಯಾವುದು, ಎಷ್ಟು ಹನಿ ಎಂದು ತಿಳಿಸಿದರು. ಅಲ್ಲಿಯವರೆಗೆ ಕಾಂಪೌಂಡರು ಒಂದು ಹನಿಯನ್ನೂ ಹಾಕಗೊಡಲಿಲ್ಲ. ತಮ್ಮ ಕಪಾಟಿನಲ್ಲಿದ್ದ ದನದ ಟಾನಿಕ್ಕಿನ ಬಾಟಲಿಯ ಮೇಲಿನದ್ದನ್ನು ನನ್ನಿಂದ ಓದಿಸಿ, ಅದರಲ್ಲಿ ರಂಜಕ, ಅಂದರೆ ಫಾಸ್ಫರಸ್ಸೂ ಇದೆ, ಇದಕ್ಕೆ ಅದು ಕೆಡುಕು ಎಂದು ಎತ್ತಿ ಒಳಗಿಟ್ಟರು. ಮನುಷ್ಯರ ಮಕ್ಕಳಿಗೆ ಕೊಡುವ ಕ್ಯಾಲ್ಸಿಯಂ ಟಾನಿಕ್ಕು ತರಿಸಿದರು. ತುಟಿಯ ಮೂಲೆಯಲ್ಲಿ ಒಂದು ಹನಿ ಇಟ್ಟು ಕಾಯಬೇಕು, ಅದೇ ನಾಲಿಗೆ ಚಾಚಿ ನೆಕ್ಕಿಕೊಳ್ಳುತ್ತದೆ, ಬಾಯಿ ಬಿಡಿಸಲು ಹೋದರೆ ದವಡೆ ಮುರಿದೀತು ಎಂದು ತೋರಿಸಿಕೊಟ್ಟರು. ಕೈಯಲ್ಲಿ ಹಿಡಿದೆತ್ತಬಾರದು, ರಟ್ಟಿನ ಮೇಲೆ ಸರಿಸಿಕೊಂಡು ಎತ್ತಬೇಕು. ನನ್ನ ಡ್ರಾಯಿಂಗ್ ಪುಸ್ತಕದ ಹಿಂದಿನ ರಟ್ಟನ್ನು ಅವರೇ ಕತ್ತರಿಸಿ ಅಳತೆಗೆ ಮಾಡಿಕೊಟ್ಟರು.

"ತಿನ್ನೋಕೆ?" ಎಂದೆ.

ಅವರು ಹಿತ್ತಲ ಕಡೆ ಕೈ ತೋರಿಸಿದರು. ಗೋಡೆಗೆ ತಾಗಿ ಒಂದು ನುಗ್ಗೆ ಮರ. "ಬಾಣಂತಿಗೂ ಇದೇ, ಇದಕ್ಕೂ ಇದೇ. ಜೊತೆಗೆ ದಾಸವಾಳದ ಎಳೆ ಎಲೆ."

ಇಷ್ಟೆಲ್ಲ ಸರಿ, ಆದರೆ ಬಿಸಿಲು? ನಾನು ಒಂಬತ್ತೂವರೆಗೆ ಮನೆ ಬಿಟ್ಟರೆ ಬರುವುದು ಐದಕ್ಕೆ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಮರುದಿನ ನಾನು ಹೊರಡುವ ಹೊತ್ತಿಗೆ ಕೋಳಿ ಮುಚ್ಚುವ ಬಿದಿರಿನ ಪಂಜರವೊಂದನ್ನು ಪಕ್ಕದ ಮನೆಯಿಂದ ಕೇಳಿ ತಂದು ತಾರಸಿಯ ಮೇಲೆ ಇಟ್ಟಿದ್ದಳು. ಅರ್ಧಕ್ಕೆ ಹಳೆ ಸೀರೆ ಹೊದಿಸಿ ನೆರಳು ಮಾಡಿದ್ದಳು. "ನಾನು ಮುಟ್ಟಲ್ಲ. ನೀನು ಒಳಗೆ ಬಿಟ್ಟು ಹೋಗು, ಕಾಗೆ ಬರದ ಹಾಗೆ ನೋಡ್ಕೊಂಡಿರ್ತೀನಿ ಅಷ್ಟೇ." ಅಪ್ಪನ ಕೊಡೆ ಬಿಡಿಸಿಕೊಂಡು ಬೆಳಗ್ಗೆ ಎರಡು ತಾಸು ಅಲ್ಲೇ ಕೂರುತ್ತಿದ್ದಳಂತೆ. ಪಕ್ಕದ ಮನೆಯವರು ನನಗೊಂದು ದಿನ ಹೇಳಿದರು: "ನಿಮ್ಮಮ್ಮ ತಾರಸಿ ಮೇಲೆ ಯಾರ ಜೊತೆ ಮಾತಾಡ್ತಿರ್ತಾರೆ?"

ವಾರಕ್ಕೊಂದು ಸಲ ಭಾನುವಾರ ಭದ್ರಾವತಿ. ಮೊದಲ ಎರಡು ವಾರ ದವಡೆ ಹಾಗೇ ಇತ್ತು. ಮೂರನೆಯ ವಾರ ನುಗ್ಗೆ ಎಲೆಯನ್ನು ತಾನಾಗಿ ಕಚ್ಚಿತು. ಇನ್ನೇನು ಗೆದ್ದೆವು ಎಂದುಕೊಂಡೆ. ಕಾಂಪೌಂಡರು ತಲೆಯಾಡಿಸಿ, ಬೆರಳು ಇನ್ನೂ ಅದುರುತ್ತಿದೆ, ಹುಷಾರು ಎಂದರು.

ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾಯಿತು. ನನಗೆ ಬೇರೊಂದು ಶಾಲೆಯಲ್ಲಿ ಮೇಲ್ವಿಚಾರಣೆ. ಒಳಗೆ ಹೋದರೆ ಉತ್ತರಪತ್ರಿಕೆ ಕಟ್ಟಿ ಒಪ್ಪಿಸುವವರೆಗೆ ಹೊರಗೆ ಬರುವಂತಿಲ್ಲ. ಆ ದಿನ ಮಧ್ಯಾಹ್ನ ಮನೆಗೆ ಬಂದರೆ ಬಾಗಿಲಿಗೆ ಬೀಗ. ಅಪ್ಪ ಹೋದ ಮೇಲೆ ಅಮ್ಮ ಒಬ್ಬಳೇ ಬೀದಿಯ ತುದಿಯ ಅಂಗಡಿಗೂ ಹೋದವಳಲ್ಲ. ಪಕ್ಕದ ಮನೆಯವರು ಕೀಲಿಕೈ ಕೊಟ್ಟು ಹೇಳಿದರು: "ಆ ನಿಮ್ಮ ಹಸಿರು ಪ್ರಾಣಿ ಒದ್ದಾಡ್ತಿತ್ತು. ಡಬ್ಬ ಹಿಡ್ಕೊಂಡು ಭದ್ರಾವತಿಗೆ ಹೋದ್ರು."

ಬಸ್ಸಿನಲ್ಲಿ ನಾನು ಹೇಗೆ ಕೂತಿದ್ದೆನೋ ನೆನಪಿಲ್ಲ. ಗಲ್ಲಿಗೆ ಓಡುತ್ತಾ ಹೋದೆ. ಜಗಲಿಯ ಮೆಟ್ಟಿಲ ಮೇಲೆ ಅಮ್ಮ ಕೂತಿದ್ದಳು. ಮಡಿಲಲ್ಲಿ ಟವೆಲು, ಟವೆಲಿನ ಮೇಲೆ ಪಚ್ಚೆ. ಅಮ್ಮನ ಎರಡೂ ಅಂಗೈ ಅದರ ಮೈಯ ಆಚೀಚೆ ಗೋಡೆಯಂತೆ ನಿಂತಿದ್ದವು.

"ಮಾತಾಡ್ಬೇಡ," ಎಂದಳು ಅಮ್ಮ ಪಿಸುದನಿಯಲ್ಲಿ. "ಈಗ ತಾನೇ ನಡುಕ ನಿಂತಿದೆ."

ಆದದ್ದು ಇಷ್ಟು. ಬೆಳಗ್ಗೆ ತಾರಸಿಯ ಮೇಲೆ ಇದ್ದಕ್ಕಿದ್ದಂತೆ ಪಚ್ಚೆಯ ಮೈಯೆಲ್ಲ ಸೆಟೆದು, ಕಾಲು ಬಡಿಯತೊಡಗಿತು. ಅಮ್ಮ ಪಂಜರ ಎತ್ತಿ ರಟ್ಟು ಹುಡುಕಿದಳು, ಸಿಗಲಿಲ್ಲ. ತನ್ನ ಕೈಯಿಂದಲೇ ಎತ್ತಿ ಡಬ್ಬಕ್ಕೆ ಹಾಕಿದಳು. ಊರು ಕೇಳಿ, ಬಸ್ಸು ಕೇಳಿ, ಗಲ್ಲಿ ಕೇಳಿ ತಲುಪಿದಳು. ಕಾಂಪೌಂಡರು ನೋಡಿದವರೇ ಬೆಂಗಳೂರಿನ ಡಾಕ್ಟರಿಗೆ ಫೋನು ಮಾಡಿ, ಅವರು ಹೇಳಿದಂತೆ ಸಕ್ಕರೆ ಕಾಯಿಲೆಯವರ ಅತಿಸಣ್ಣ ಸೂಜಿ ತರಿಸಿ, ಕ್ಯಾಲ್ಸಿಯಂ ಅನ್ನು ತೆಳ್ಳಗೆ ಮಾಡಿ, ಒಂದು ಚೂರೇ ಚೂರು ಚುಚ್ಚಿದ್ದರು. ಅಮ್ಮ ಆಮೇಲೆ ಹೇಳಿದಳು, ಅವರು ಸೂಜಿಯನ್ನು ಎತ್ತಿ ಮತ್ತೆ ಕೆಳಗಿಟ್ಟರಂತೆ. "ನಂಗೆ ಭಯ ಆಗ್ತಿದೆ ತಾಯಿ, ಇಷ್ಟು ಸಣ್ಣ ಜೀವಕ್ಕೆ ಯಾವತ್ತೂ ಚುಚ್ಚಿಲ್ಲ. ನೀವು ಗಟ್ಟಿಯಾಗಿ ಹಿಡ್ಕೊಂಡ್ರೆ ನಾನು ಗಟ್ಟಿಯಾಗ್ತೀನಿ" ಎಂದರಂತೆ. ಅಮ್ಮ ಹಿಡಿದುಕೊಂಡಳು. ಅವರು ಸೂಜಿಯನ್ನು ಮತ್ತೆ ಎತ್ತಿಕೊಂಡು ಚುಚ್ಚಿದರಂತೆ. ಒಂದು ಗಂಟೆ ಏನೂ ಆಗಲಿಲ್ಲ. ಪಕ್ಕದಲ್ಲೇ ನೆಲದ ಮೇಲೆ ಕೂತು ಅವರು ಸಣ್ಣಗೆ ಹೇಳುತ್ತಲೇ ಇದ್ದರಂತೆ, "ಕಣ್ಣು ಬಿಡೋ ಮಾರಾಯ, ಕಣ್ಣು ಬಿಡು..."

ನಾನು ಹೋದಾಗ ಅವರು ಗೋಡೆಗೆ ಒರಗಿ ಕೂತಿದ್ದರು. ಖಾಕಿ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ನನ್ನನ್ನು ನೋಡಿ, "ಪರೀಕ್ಷೆ ಮುಗೀತಾ?" ಎಂದರು. ಹೂಂ ಎಂದೆ. "ನಂದೂ ಈಗ ತಾನೇ ಮುಗೀತು."

ಅಲ್ಲಿಂದ ಮುಂದೆ ಇಳಿಮುಖವಾಗಲಿಲ್ಲ. ಏಪ್ರಿಲ್ ಬಿಸಿಲು, ನುಗ್ಗೆ ಸೊಪ್ಪು, ಹನಿ ಹನಿ ಟಾನಿಕ್ಕು. ಮೇ ಕೊನೆಯ ಒಂದು ಬೆಳಗ್ಗೆ ಅಮ್ಮ ತಾರಸಿಯಿಂದ ನನ್ನನ್ನು ಕೂಗಿದ ಕೂಗಿಗೆ ಏನಾಯಿತೋ ಎಂದು ಓಡಿದೆ. ಪಚ್ಚೆ ನಾಲ್ಕು ಕಾಲೂ ಊರಿ, ಹೊಟ್ಟೆಯನ್ನು ನೆಲದಿಂದ ಎತ್ತಿ ನಿಂತಿತ್ತು. ಎರಡು ಬೆರಳಿನಷ್ಟು ಎತ್ತರ, ಅಷ್ಟೇ. ಅಪ್ಪ ಹೋದ ಮೇಲೆ ಅಮ್ಮ ಮೊದಲ ಸಲ ಬಾಯಿ ತುಂಬ ನಕ್ಕಳು. ನಾನು ಆ ಎರಡು ಬೆರಳಿನ ಎತ್ತರವನ್ನು ಚಿತ್ರ ಬರೆದು ಭದ್ರಾವತಿಗೆ ಒಯ್ದೆ. ಕಾಂಪೌಂಡರು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಒಳಗೆ ಹೋಗಿ ಹೆಂಡತಿಯನ್ನು ಕರೆತಂದು ತೋರಿಸಿದರು. ಅಷ್ಟು ಹೊತ್ತಿಗೆ ಬಂದ ಕುರಿಯವನಿಗೂ ತೋರಿಸಿದರು.

ಬಾಲದಲ್ಲಿ ಒಂದು ಡೊಂಕು, ದವಡೆಯ ಒಂದು ಬದಿಯಲ್ಲಿ ಸಣ್ಣ ಉಬ್ಬು ಉಳಿದೇಹೋದವು. ಉಳಿದಂತೆ ಪಚ್ಚೆ ಬೆಳೆಯಿತು. ಅಮ್ಮ ಬಡಗಿಯನ್ನು ಕರೆಸಿ ತಾರಸಿಯ ಮೇಲೆ ಆಳೆತ್ತರದ ಜಾಲರಿ ಮನೆ ಮಾಡಿಸಿದಳು. ವಾರಕ್ಕೊಮ್ಮೆ ಇದ್ದ ನನ್ನ ಭದ್ರಾವತಿ ಪ್ರಯಾಣ ತಿಂಗಳಿಗೊಮ್ಮೆಯಾಯಿತು. ಆಮೇಲೆ ಹಬ್ಬಕ್ಕೊಮ್ಮೆ. ಹೋದಾಗಲೆಲ್ಲ ಅವರ ಮೊದಲ ಪ್ರಶ್ನೆ ಒಂದೇ: "ಈಗೆಷ್ಟು ಉದ್ದ?" ನಾನು ಎರಡೂ ಕೈ ಅಗಲಿಸಿ ತೋರಿಸಬೇಕು. ಅವರು ತಮ್ಮ ಅಂಗೈ ನೋಡಿಕೊಂಡು ನಗಬೇಕು. ಆಮೇಲೆ ನನ್ನ ಮದುವೆ, ಬಿ.ಎಡ್‌ನ ರಜಾ ಕ್ಲಾಸುಗಳು, ರಾಗಿಗುಡ್ಡದ ಕಡೆ ಸೈಟು ಕೊಂಡು ಮನೆ ಕಟ್ಟಿಸುವ ಓಡಾಟ. ಅಮ್ಮನೂ ಪಚ್ಚೆಯೂ ನಮ್ಮ ಜೊತೆಗೇ ಬಂದರು. ಹೋಗಬೇಕು, ಹೋಗಬೇಕು ಎಂದುಕೊಳ್ಳುತ್ತಲೇ...

ಶಾಲೆಯ ಆಯಾಳೇ ಸುದ್ದಿ ತಂದಳು. ಅಷ್ಟರಲ್ಲಿ ತಿಥಿಯೂ ಮುಗಿದಿತ್ತು. ಬೆಳಗ್ಗೆ ಯಾರದೋ ಕರುವಿಗೆ ಔಷಧಿ ಕುಡಿಸಿ ಕೈ ತೊಳೆಯಲು ಹೋದವರು ನಲ್ಲಿಯ ಹತ್ತಿರವೇ ಕುಸಿದರಂತೆ.

ಅಮ್ಮ, ನಾನು ಇಬ್ಬರೂ ಹೋದೆವು. ಅವರ ಹೆಂಡತಿ ಅದೇ ಬೆಂಚಿನ ಮೇಲೆ ಕೂತಿದ್ದರು. ನನಗೆ ಕ್ಷಮೆ ಕೇಳುವುದು ಹೇಗೆಂದು ತಿಳಿಯಲಿಲ್ಲ. ಎರಡು ವರ್ಷದಿಂದ ಬರಲಾಗಲಿಲ್ಲ ಎಂದು ತೊದಲಿದೆ.

"ಅವರೇನೂ ಬೇಜಾರು ಮಾಡ್ಕೊಂಡಿರ್ಲಿಲ್ಲಮ್ಮ," ಎಂದರು ಆಕೆ. "ಟೀಚರಮ್ಮ ಬಂದಿಲ್ಲ ಅಂದ್ರೆ ಅದು ಚೆನ್ನಾಗಿದೆ ಅಂತ ಅರ್ಥ ಅಂತಿದ್ರು. ನಮ್ಮನೆಗೆ ಜನ ಬರೋದು ಕಾಯಿಲೆ ಇದ್ದಾಗ ತಾನೇ? ಬರದೆ ಇರೋರ ಪಟ್ಟಿ ಉದ್ದ ಆದಷ್ಟೂ ಅವರಿಗೆ ಖುಷಿ."

ಅಮ್ಮ ಆಕೆಯ ಕೈ ಹಿಡಿದು ಅತ್ತಳು. ನನಗೆ ಅಳು ಬರಲಿಲ್ಲ. ಆಕೆಯ ಮಾತಿನಿಂದ ಸಮಾಧಾನವೂ ಆಗಲಿಲ್ಲ. ಅಂಥ ಮನುಷ್ಯ ನಾನು ಬಾರದ್ದಕ್ಕೂ ಒಳ್ಳೆಯ ಕಾರಣ ಹುಡುಕಿಟ್ಟುಕೊಂಡಿದ್ದರು.

ಮುಂದಿನ ವರ್ಷದ ಬೇಸಿಗೆ ಶುರುವಿನಲ್ಲಿ ಪಚ್ಚೆ ತಿನ್ನುವುದು ಬಿಟ್ಟಿತು. ಜಾಲರಿ ಮನೆಯ ಮೂಲೆ ಮೂಲೆಯನ್ನೂ ಕೆರೆಯತೊಡಗಿತು. ಹೊಟ್ಟೆ ಎರಡೂ ಬದಿಗೆ ಉಬ್ಬಿತ್ತು. ಹಳೆಯ ಭಯವೆಲ್ಲ ಒಟ್ಟಿಗೆ ಮರಳಿತು. ಈಗ ಯಾರನ್ನು ಕೇಳಲಿ? ಅಮ್ಮ ಎರಡು ದಿನ ಸುಮ್ಮನೆ ಅದರೆದುರು ಕೂತು ನೋಡಿದಳು. ಮೂರನೆಯ ದಿನ, "ಕೋಳಿ ಜಾಗ ಹುಡುಕೋವಾಗ ಹಿಂಗೇ ಮಾಡುತ್ತೆ ಕಣೇ. ಇದು ಮೊಟ್ಟೆ ಇಡುತ್ತೆ" ಎಂದಳು. ಇಷ್ಟು ವರ್ಷ ನಾವೆಲ್ಲ ಗಂಡೆಂದೇ ತಿಳಿದಿದ್ದೆವು! ಗಂಡಿಲ್ಲದೆಯೂ ಇವು ಮೊಟ್ಟೆ ಇಡುತ್ತವೆ, ಮರಿಯಾಗುವುದಿಲ್ಲ ಅಷ್ಟೇ. ಹಳೆಯ ಹನ್ನೆರಡು ಹಾಳೆಗಳನ್ನು ಹುಡುಕಿ ತೆಗೆದೆ. ಮೂಳೆ ಗಟ್ಟಿಯಿಲ್ಲದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಜೀವ ಹೋಗಬಹುದು ಎಂದು ಅದರಲ್ಲಿತ್ತು. ದೊಡ್ಡ ಟಬ್ಬಿಗೆ ಒದ್ದೆ ಮರಳು ತುಂಬಿಸಿ ಇಟ್ಟೆವು. ಪಚ್ಚೆ ಮೂತಿಯಿಂದ ತಾಕಿಸಿ ನೋಡಿ, ಒಳಗಿಳಿದು, ಮುಂಗಾಲುಗಳಿಂದ ಅಗೆಯಲು ಶುರುಮಾಡಿತು. ಒಂದು ಕಾಲದಲ್ಲಿ ದಾರ ಎಳೆದಂತೆ ಅದುರುತ್ತಿದ್ದ ಬೆರಳುಗಳವು. ಮರಳು ಟಬ್ಬಿನಿಂದಾಚೆ ಚಿಮ್ಮುತ್ತಿತ್ತು.

ಮರುದಿನ ಬೆಳಗ್ಗೆ ಎಣಿಸಿದೆವು. ಇಪ್ಪತ್ಮೂರು. ಬಿಳಿ, ಉದ್ದುದ್ದ, ಒಂದೂ ಒಡೆದಿರಲಿಲ್ಲ. ಬಸವಳಿದು ಮಲಗಿದ್ದ ಪಚ್ಚೆಗೆ ಅಮ್ಮ ನುಗ್ಗೆ ಎಲೆ ಒಂದೊಂದಾಗಿ ಬಾಯಿಗಿಡುತ್ತಿದ್ದಳು. "ಅವರಿಗೆ ಹೇಳ್ಬೇಕಿತ್ತು," ಎಂದಳು, ತಲೆ ಎತ್ತದೆ.

ಅವರ ಹೆಂಡತಿಗಾದರೂ ಹೇಳೋಣವೆಂದು ಅವತ್ತೇ ಹೊರಟೆ. ಹೊಸಮನೆಯ ಆ ಗಲ್ಲಿಯಲ್ಲಿ ಬಾಗಿಲಿಗೆ ಬೀಗ ಬಿದ್ದಿತ್ತು. ದೂರದ ಊರಿನ ತಂಗಿಯ ಮನೆಗೆ ಹೊರಟುಹೋದರು ಎಂದು ಎದುರು ಮನೆಯವರು ಹೇಳಿದರು. ಯಾವ ಊರೆಂದು ಅವರಿಗೆ ಗೊತ್ತಿರಲಿಲ್ಲ. ಜಗಲಿಯಲ್ಲಿ ಬೆಂಚು ಇರಲಿಲ್ಲ. ಹೇಳಬೇಕಾದ ಮಾತನ್ನು ಬಾಯಲ್ಲಿಟ್ಟುಕೊಂಡೇ ವಾಪಸ್ಸು ಬಂದೆ.

ಪಚ್ಚೆ ಮತ್ತೂ ಐದು ವರ್ಷ ಬದುಕಿತು. ಅದು ಹೋದ ಮೂರು ವರ್ಷಕ್ಕೆ ಅಮ್ಮನೂ ಹೋದಳು. ಆ ಫೆಬ್ರವರಿ, ಆ ಮಾರ್ಚನ್ನು ಕಂಡವರಲ್ಲಿ ನಮ್ಮ ಮನೆಯಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ.

ನನಗೆ ಭದ್ರಾವತಿಗೆ ವರ್ಗವಾಗಿ ಕೆಲವು ವರ್ಷವಾಯಿತು. ಬೆಳಗ್ಗೆ ಹೋಗುವಾಗೊಮ್ಮೆ, ಸಂಜೆ ಬರುವಾಗೊಮ್ಮೆ ಬಸ್ಸು ಆ ಗಲ್ಲಿಯ ತಿರುವನ್ನು ದಾಟುತ್ತದೆ. ಆ ಮನೆ ಕೆಡವಿ ಅಲ್ಲಿ ಟೈರಿನ ಅಂಗಡಿ ಮಾಡಿದ್ದಾರೆ. ಮನೆಯಿಂದ ಅಲ್ಲಿಗೆ ಎಲ್ಲ ಸೇರಿ ಮುಕ್ಕಾಲು ಗಂಟೆಯ ದಾರಿ. ಅವರು ಬದುಕಿದ್ದ ಕೊನೆಯ ಎರಡು ವರ್ಷ ಆ ಮುಕ್ಕಾಲು ಗಂಟೆ ನನಗೆ ಸಿಗಲಿಲ್ಲ. ಈಗ ದಿನಕ್ಕೆ ಎರಡು ಸಲ ಸಿಗುತ್ತದೆ... ಕಿಟಕಿಯ ಕಂಬಿ ಹಿಡಿದು ಒಂದು ಕ್ಷಣ ಆ ಕಡೆ ನೋಡುತ್ತೇನೆ. ಅಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ.